ಹಿತ್ತಲ ತರಕಾರಿಯೂ ಋತುವಿಗೆ ತಕ್ಕ ಕೋಸಂಬರಿಯೂ

೧. ಪೀಠಿಕೆ

ಕೋಸಂಬರಿಯನ್ನು ಅರಿಯದವರು ನಮ್ಮ ಸೀಮೆಯಲ್ಲಿ ಇಲ್ಲ. ಶ್ರೀರಾಮನವಮಿಯ ದಿವಸ ಪಾನಕ, ನೀರುಮಜ್ಜಿಗೆಗಳೊಡನೆ ಹೆಸರುಬೇಳೆಯ ಕೋಸಂಬರಿಯನ್ನು ಹಂಚುವುದೂ, ಮದುವೆ ಮುಂಜಿಗಳಲ್ಲಿ ಅದನ್ನು ಎಲೆಯ ಮೇಲುಭಾಗದಲ್ಲಿ ಬಡಿಸುವುದೂ ಹಿರಿಯರ ಕಾಲದಿಂದ ನಡೆದು ಬಂದ ವಾಡಿಕೆಯಾಗಿರುತ್ತದೆ. ಬಡಗಣ ಜಿಲ್ಲೆಗಳಲ್ಲಿ ಜೋಳದ ರೊಟ್ಟಿಯೊಡನೆ ಹಸಿಯ ಮೆಂತ್ಯದ ಸೊಪ್ಪು, ಮೂಲಂಗಿ, ಈರುಳ್ಳಿಗಳನ್ನು ಪಚಡಿಯಾಗಿ ತಿನ್ನುವರು. ಮಲೆನಾಡಿನಲ್ಲಿ ಒಂದೆಲಗವನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ತಂಬುಳಿ ಮಾಡುವರು. ಹೀಗೆ ಹಸಿಯ ತರಕಾರಿಯನ್ನು ಊಟದಲ್ಲಿ ಸೇರಿಸಿಕೊಳ್ಳುವ ಕ್ರಮವು ನಮಗೆ ಹೊಸದಲ್ಲ. ಆದರೆ ಅನೇಕ ಮನೆಗಳಲ್ಲಿ ಇದು ಹಬ್ಬದ ಪದಾರ್ಥವಾಗಿ ನಿಂತಿದೆಯೇ ಹೊರತು ದಿನದ ಊಟಕ್ಕೆ ಬರುವುದು ಅಪೂರ್ವ.

ಇದರಲ್ಲಿ ಒಂದು ಸೋಜಿಗವುಂಟು. ಪೇಟೆಯವರು ಹಣ ಕೊಟ್ಟು ತರಕಾರಿಯನ್ನು ಕೊಳ್ಳುತ್ತಾರೆ. ಅದನ್ನು ಬೆಳೆದ ವ್ಯವಸಾಯಗಾರನ ಮನೆಯಲ್ಲಿಯೇ ಅದು ಕಡಮೆ. ಬೆಳಗಿನ ಜಾವದಲ್ಲಿ ಕೊಯ್ದ ಎಳೆಯ ಸೌತೆಕಾಯಿಗಳು ಬುಟ್ಟಿಯಲ್ಲಿ ಸಂತೆಗೆ ಹೋಗುತ್ತವೆ. ಬಲಿತುದು, ಡೊಂಕಾದುದು, ಹುಳು ಕೊರೆದುದು ಮನೆಗೆ ಉಳಿಯುತ್ತದೆ. ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಮುದ್ದೆ, ಅನ್ನ, ಸಾರುಗಳಲ್ಲಿಯೇ ದಿನಗಳು ಕಳೆಯುತ್ತವೆ. ಅರ್ಧ ಗುಂಟೆಯ ಹಿತ್ತಲಿದ್ದವರು ಈ ಕೊರತೆಯನ್ನು ಬಹು ಮಟ್ಟಿಗೆ ನೀಗಿಸಿಕೊಳ್ಳಬಹುದು.

ಆದರೆ ಬೇಯಿಸಿ ತಿನ್ನುವ ಪದಾರ್ಥಕ್ಕೂ ಹಸಿಯಾಗಿ ತಿನ್ನುವ ಪದಾರ್ಥಕ್ಕೂ ದೊಡ್ಡ ಭೇದವುಂಟು. ಬೇಯಿಸುವಲ್ಲಿ ಬೆಂಕಿಯು ಎಷ್ಟೋ ದೋಷಗಳನ್ನು ಕಳೆಯುತ್ತದೆ. ಹಸಿಯಾಗಿ ತಿನ್ನುವಲ್ಲಿ ಆ ರಕ್ಷಣೆ ಇಲ್ಲ. ಗಿಡವು ಯಾವ ನೀರನ್ನು ಕುಡಿಯಿತೋ, ಯಾವ ಗೊಬ್ಬರದಲ್ಲಿ ಬೆಳೆಯಿತೋ, ಅದರ ಗುಣವೂ ದೋಷವೂ ನೇರವಾಗಿ ಎಲೆಗೆ ಬರುತ್ತವೆ. ಆದಕಾರಣ ಒಳ್ಳೆಯ ಕೋಸಂಬರಿಯ ಕೆಲಸವು ಬಾವಿಯ ಬಳಿಯಲ್ಲಿಯೇ ಆರಂಭವಾಗುತ್ತದೆಂದು ತಿಳಿಯತಕ್ಕದ್ದು. ಈ ಪತ್ರಿಕೆಯಲ್ಲಿ ಮೊದಲು ಅದರ ಪ್ರಯೋಜನವನ್ನೂ, ಅನಂತರ ನೀರು, ಮಡಿ, ಋತು, ಅಡಿಗೆಮನೆ ಎಂಬ ಕ್ರಮದಲ್ಲಿ ಮಾಡತಕ್ಕ ಕೆಲಸಗಳನ್ನೂ ವಿವರಿಸಲಾಗಿದೆ.

೨. ಹಸಿಯ ತರಕಾರಿಯಿಂದ ಆಗುವ ಪ್ರಯೋಜನ

ರಾಗಿಯು ಉತ್ತಮವಾದ ಧಾನ್ಯ. ಮೂಳೆಗೆ ಬೇಕಾದ ಸುಣ್ಣದ ಅಂಶವು ಅದರಲ್ಲಿರುವಷ್ಟು ಅಕ್ಕಿಯಲ್ಲಾಗಲಿ ಗೋಧಿಯಲ್ಲಾಗಲಿ ಇಲ್ಲ. ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶವೂ ಉಂಟು. ಆದರೆ ರಾಗಿಯಲ್ಲಿರುವ ಒಗರು ಮೊದಲಾದ ಕೆಲವು ವಸ್ತುಗಳು ಆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರದಂತೆ ತಡೆಯುತ್ತವೆ. ಅದೇ ಊಟದಲ್ಲಿ ನಿಂಬೆಯ ರಸವಾಗಲಿ, ನೆಲ್ಲಿಕಾಯಿಯಾಗಲಿ, ಹಸಿಯ ಟೊಮ್ಯಾಟೊ ಮುಂತಾದುವಾಗಲಿ ಸೇರಿದರೆ, ಅವುಗಳಲ್ಲಿರುವ ‘ಸಿ’ ಎಂಬ ಜೀವಸತ್ವವು ಈ ಹಿಡಿತವನ್ನು ಸಡಿಲಿಸಿ ಕಬ್ಬಿಣವು ರಕ್ತಕ್ಕೆ ಸೇರಲು ಸಹಾಯಮಾಡುತ್ತದೆ. ಊಟದೊಡನೆಯೇ ಕಾಫಿ, ಟೀಗಳನ್ನು ಕುಡಿದರೆ ಇದಕ್ಕೆ ವಿರುದ್ಧವಾದ ಫಲವಾಗುವುದು.

೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷ ವಯಸ್ಸಿನ ಹೆಂಗಸರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಮಂದಿಗೆ ರಕ್ತದ ಕೊರತೆಯಿತ್ತು. ಇದಕ್ಕೆ ಕಾರಣಗಳು ಹಲವು. ಒಂದು ಹಿಡಿ ಕೋಸಂಬರಿಯಿಂದ ಎಲ್ಲವೂ ಸರಿಹೋಗುವುದೆಂದು ಹೇಳಲಾಗದು. ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಬಿಡಬಾರದು. ಆದರೂ ದಿನವೂ ತಿನ್ನುವ ಮುದ್ದೆಯಲ್ಲಿರುವ ಸಾರವು ದೇಹಕ್ಕೆ ಸೇರದೆ ಹೋಗುತ್ತಿರುವಾಗ, ಒಂದು ನಿಂಬೆಯ ಹಣ್ಣಿನಿಂದ ಆಗುವ ಉಪಕಾರವನ್ನು ಬಿಡುವುದು ವಿವೇಕವಲ್ಲ.

ಈ ‘ಸಿ’ ಜೀವಸತ್ವವು ಬೆಂಕಿಯ ತಾಪದಿಂದ ನಾಶವಾಗುತ್ತದೆ. ನೀರಿನಲ್ಲಿ ಕರಗಿಯೂ ಹೋಗುತ್ತದೆ. ಆದ್ದರಿಂದ ಬಹಳ ಹೊತ್ತು ಬೇಯಿಸಿದ ಸೊಪ್ಪಿನಲ್ಲಿ ಅದು ಬಹಳವಾಗಿ ಕುಂದಿರುತ್ತದೆ. ಸೊಪ್ಪು ಬೆಂದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಹೆಂಗಸರ ಪದ್ಧತಿಯು ಈ ವಿಷಯದಲ್ಲಿ ಶ್ಲಾಘ್ಯವಾದುದು. ಹೀಗೆಂದು ಎಲ್ಲ ತರಕಾರಿಯನ್ನೂ ಹಸಿಯಾಗಿಯೇ ತಿನ್ನಬೇಕೆಂದು ಅರ್ಥವಲ್ಲ. ಕಣ್ಣಿಗೆ ಹಿತವಾದ ‘ಎ’ ಜೀವಸತ್ವದ ಮೂಲವಸ್ತುವು ಸೊಪ್ಪು, ಕ್ಯಾರೆಟ್‌ಗಳಲ್ಲಿರುತ್ತದೆ. ಅದು ಸ್ವಲ್ಪ ಬೆಂದು ಎಣ್ಣೆಯೊಡನೆ ಸೇರಿದಾಗಲೇ ದೇಹಕ್ಕೆ ಹೆಚ್ಚಾಗಿ ದಕ್ಕುತ್ತದೆ. ಬೆಂದ ಪಲ್ಯವೂ ಹಸಿಯ ಕೋಸಂಬರಿಯೂ ಎರಡೂ ಎಲೆಯಲ್ಲಿರತಕ್ಕದ್ದು. ದಿನಕ್ಕೆ ತರಕಾರಿಯೂ ಹಣ್ಣೂ ಸೇರಿ ಒಬ್ಬ ವಯಸ್ಕನಿಗೆ ಕನಿಷ್ಠ ೪೦೦ ಗ್ರಾಮಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡಿದೆ.

ಆಹಾರದ ಭೇದದಿಂದ ಶರೀರವು ಹೇಗೆ ಬದಲಾಗುವುದೆಂಬುದನ್ನು ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯಲ್ಲಿ ಸರ್ ರಾಬರ್ಟ್ ಮೆಕ್ಯಾರಿಸನ್ ರವರು ೧೯೨೦ರ ದಶಕದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿ ತೋರಿಸಿದರು. ಇಂಡಿಯಾದ ಬೇರೆಬೇರೆ ಸೀಮೆಗಳ ಜನರು ಉಣ್ಣುವ ಆಹಾರವನ್ನೇ ಇಲಿಗಳ ಗುಂಪುಗಳಿಗೆ ಕೊಟ್ಟು ಸಾಕಿದಾಗ, ಹೊಟ್ಟು ತೆಗೆಯದ ಗೋಧಿಯ ರೊಟ್ಟಿ, ಹಾಲು, ಬೇಳೆ, ತರಕಾರಿಗಳನ್ನು ತಿಂದ ಗುಂಪು ಪುಷ್ಟವಾಗಿ ಬೆಳೆಯಿತು. ಹಾಲು ತರಕಾರಿಗಳು ಕಡಮೆಯಾಗಿ ಅಕ್ಕಿಯನ್ನೇ ಮುಖ್ಯವಾಗಿ ತಿಂದ ಗುಂಪು ಸೊರಗಿತು.

ಇನ್ನೊಂದು ನಿದರ್ಶನವನ್ನು ಕೊಡಬಹುದು. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ ಹೋಗಿದ್ದ ಇಂಡಿಯಾದ ಸಿಪಾಯಿಗಳಲ್ಲಿ ಅನೇಕರು ಹಸಿಯ ತರಕಾರಿಯಿಲ್ಲದೆ ವಸಡುಗಳಲ್ಲಿ ರಕ್ತ ಸುರಿಯುವ ಸ್ಕರ್ವಿ ರೋಗಕ್ಕೆ ಸಿಕ್ಕಿದರು. ಅವರ ಬಳಿ ಒಣಗಿದ ಬೇಳೆಕಾಳುಗಳಿದ್ದರೂ ಅವುಗಳಿಂದ ರೋಗವು ನಿಲ್ಲಲಿಲ್ಲ. ಒಣಗಿದ ಕಾಳಿನಲ್ಲಿ ಇಲ್ಲದ ಆ ಜೀವಸತ್ವವು ಅದೇ ಕಾಳು ನೆನೆದು ಮೊಳೆತಾಗ ಹುಟ್ಟುತ್ತದೆಂಬುದನ್ನು ಹ್ಯಾರಿಯಟ್ ಚಿಕ್ ಮತ್ತು ಮೇರಿಯನ್ ಡೆಲ್ಫ್ ಎಂಬ ವಿದುಷಿಯರು ೧೯೧೯ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ನಮ್ಮ ಮನೆಗಳಲ್ಲಿ ಹೆಸರುಕಾಳನ್ನು ಮೊಳೆಯಿಸಿ ಉಸಲಿ ಮಾಡುವ ಪದ್ಧತಿಯ ಗುಣವು ಇದರಿಂದ ತಿಳಿಯುತ್ತದೆ.

೩. ನೀರು ಮತ್ತು ಗೊಬ್ಬರ

ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಮನುಷ್ಯರ ಮಲದ ಸೋಂಕಿದ ನೀರಿನಿಂದ ಬೆಳೆದ ತರಕಾರಿಯನ್ನು ಹಸಿಯಾಗಿ ತಿಂದರೆ ಆಮಶಂಕೆ, ವಾಂತಿಭೇದಿ, ವಿಷಮಶೀತಜ್ವರಗಳು ಬರಬಹುದು. ಜಂತುಹುಳುವಿನ ಮೊಟ್ಟೆಗಳು ಒದ್ದೆಯಾದ ಮಣ್ಣಿನಲ್ಲಿ ಎಷ್ಟೋ ತಿಂಗಳು, ಕೆಲವು ವೇಳೆ ವರ್ಷಗಟ್ಟಲೆ ಸಾಯದೆ ಇರಬಲ್ಲವು. ಅವು ಸೊಪ್ಪಿನ ಮಡಿಕೆಗಳಿಗೂ ಮೂಲಂಗಿಯ ಮೈಗೂ ಅಂಟಿಕೊಂಡು ಬರುತ್ತವೆ.

ಇದಕ್ಕಿಂತ ಭಯಂಕರವಾದುದು ಹಂದಿಯ ಲಾಡಿಹುಳು. ಈ ಹುಳುವುಳ್ಳ ಮನುಷ್ಯರ ಮಲದಲ್ಲಿ ಅದರ ಮೊಟ್ಟೆಗಳು ಹೊರಬೀಳುತ್ತವೆ. ಆ ಮೊಟ್ಟೆಗಳು ತರಕಾರಿಯ ಮೂಲಕ ಇನ್ನೊಬ್ಬರ ಹೊಟ್ಟೆಯನ್ನು ಸೇರಿದರೆ, ಮರಿಗಳು ರಕ್ತದೊಡನೆ ಹರಿದು ಮಿದುಳಿನಲ್ಲಿ ಗಂಟುಕಟ್ಟಿ ಮೂರ್ಛೆರೋಗವನ್ನು ಉಂಟುಮಾಡಬಹುದು. ಹಂದಿಯ ಮಾಂಸವನ್ನು ಜನ್ಮದಲ್ಲಿ ಮುಟ್ಟದವರಿಗೂ ಈ ವಿಪತ್ತು ಬರಬಹುದೆಂಬುದನ್ನು ಎಲ್ಲರೂ ಅರಿತಿರತಕ್ಕದ್ದು. ಉಪ್ಪಾಗಲಿ, ನಿಂಬೆಯ ಹುಳಿಯಾಗಲಿ, ಒಗ್ಗರಣೆಯ ಇಂಗಾಗಲಿ ಈ ಮೊಟ್ಟೆಗಳನ್ನು ಕೊಲ್ಲಲಾರವು.

ಆದಕಾರಣ ಈ ಕೆಳಗಿನ ನಿಯಮಗಳನ್ನು ಅನುಸರಿಸತಕ್ಕದ್ದು.

(ಅ) ಹಸಿಯಾಗಿ ತಿನ್ನುವ ತರಕಾರಿಗೆ ಬಾವಿಯ ಅಥವಾ ಕೊಳವೆ ಬಾವಿಯ ಶುದ್ಧವಾದ ನೀರನ್ನೇ ಕೊಡಬೇಕು. ಊರ ಚರಂಡಿಯ ನೀರನ್ನೂ ಪಟ್ಟಣದ ಕೊಳಚೆ ಸೇರಿದ ಹಳ್ಳದ ನೀರನ್ನೂ ಎಂದಿಗೂ ಕೊಡಕೂಡದು. ಬೆಂಗಳೂರಿನ ಕೊಳಚೆಯನ್ನು ಹೊತ್ತು ಹರಿಯುವ ವೃಷಭಾವತಿಯ ನೀರು ಬೈರಮಂಗಲದ ಕೆರೆಯವರೆಗೂ ಏನಾಗಿ ಹೋಯಿತೆಂಬುದನ್ನು ಆ ಕಡೆಯ ರೈತರು ಬಲ್ಲರು. ಇಂತಹ ನೀರಿನಲ್ಲಿ ಕಾರ್ಖಾನೆಗಳ ವಿಷಲೋಹಗಳೂ ಸೇರಿರಬಹುದಾದ್ದರಿಂದ ಬೇಯಿಸಿದರೂ ಆ ದೋಷವು ಹೋಗದು.

(ಆ) ಬಚ್ಚಲ ನೀರನ್ನು ವ್ಯರ್ಥಮಾಡಬೇಕಾಗಿಲ್ಲ. ಬಾಳೆ, ತೆಂಗುಗಳ ಬುಡಕ್ಕೆ ಬಿಡಬಹುದು. ಮೂಲಂಗಿ, ಕ್ಯಾರೆಟ್, ಕೊತ್ತಂಬರಿ, ಮೆಂತ್ಯದ ಮಡಿಗಳಿಗೆ ಬಿಡಬಾರದು.

(ಇ) ಪಾಯಿಖಾನೆಯ ಗುಂಡಿಯೂ ತಿಪ್ಪೆಯೂ ಬಾವಿಯಿಂದ ಕನಿಷ್ಠ ಐವತ್ತು ಅಡಿ ದೂರದಲ್ಲಿ, ಇಳಿಜಾರಿನ ಕಡೆಗೆ ಇರಬೇಕು. ಬಾವಿಗೆ ಕಟ್ಟೆಯನ್ನು ಕಟ್ಟಿ, ಸುತ್ತಲೂ ಚೆಲ್ಲಿದ ನೀರು ಒಳಗೆ ಇಳಿಯದಂತೆ ಗಾರೆ ಮಾಡಿಸಬೇಕು.

(ಈ) ಕೊಟ್ಟಿಗೆಯ ಗೊಬ್ಬರವು ಚೆನ್ನಾಗಿ ಕೊಳೆತು ಮಣ್ಣಿನಂತೆ ಪುಡಿಯಾಗಿರಬೇಕು. ಹಸಿಯ ಸೆಗಣಿಯನ್ನು ಹಾಕಿದ ನೆಲದಲ್ಲಿ ನಾಲ್ಕು ತಿಂಗಳವರೆಗೆ ಹಸಿಯಾಗಿ ತಿನ್ನುವ ಪದಾರ್ಥವನ್ನು ಕೊಯ್ಯಬಾರದು. ಹಸಿಯ ಗೊಬ್ಬರದಲ್ಲಿ ಬೆಳೆದ ಕ್ಯಾರೆಟ್ ಗೆಡ್ಡೆಗಳು ಕವಲೊಡೆದು ಕೆಡುತ್ತವೆಂಬುದೂ ಅನುಭವಸಿದ್ಧವಾದುದು.

(ಉ) ಮನೆಯ ಮಡಿಗಳಿಗೆ ವಿಷೌಷಧಿಗಳನ್ನು ಹೊಡೆಯದಿರುವುದೇ ಲೇಸು. ಹುಳುಗಳನ್ನು ಕೈಯಿಂದ ಆರಿಸಿ ತೆಗೆಯಬಹುದು. ಮೀರಿದರೆ ಬೇವಿನ ಬೀಜದ ಕಷಾಯವನ್ನು ನೂರಕ್ಕೆ ಐದರ ಪ್ರಮಾಣದಲ್ಲಿ ಸಿಂಪಡಿಸಬಹುದು. ಮಾರಾಟದ ಹೊಲದಿಂದ ತಂದ ಕಾಯಿಯಾದರೆ, ಔಷಧಿಯ ಡಬ್ಬಿಯ ಮೇಲೆ ಬರೆದಿರುವಷ್ಟು ದಿವಸಗಳು ಕಳೆದಿರುವುವೇ ಎಂದು ನೋಡಿಕೊಳ್ಳತಕ್ಕದ್ದು. ಗಿಡದ ಒಳಗೆ ಹೀರಿಕೊಂಡ ವಿಷವು ತೊಳೆದರೆ ಹೋಗುವುದಿಲ್ಲ.

೪. ಹಿತ್ತಲ ಮಡಿಗಳು

ಒಂದು ಗುಂಟೆಯೆಂದರೆ ಮೂವತ್ತಮೂರು ಅಡಿ ಚೌಕದ ನೆಲ. ಐದಾರು ಜನರಿರುವ ಮನೆಗೆ ಅದರ ಅರ್ಧದಷ್ಟು ನೆಲದಿಂದ ಆರಂಭಿಸಬಹುದು. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಸ್ಥಳವನ್ನು ಆರಿಸಿ, ದನ, ಕೋಳಿಗಳು ಬಾರದಂತೆ ಬೇಲಿ ಹಾಕಬೇಕು. ಎರಡು ಕಡೆಯಿಂದಲೂ ಕೈಗೆ ಎಟಕುವಂತೆ ಮಡಿಗಳು ಮೂರರಿಂದ ನಾಲ್ಕು ಅಡಿ ಅಗಲವಿದ್ದರೆ ಸಾಕು. ಮಡಿಯನ್ನು ಕಾಲಿನಿಂದ ತುಳಿಯಬಾರದು.

ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತುವುದು ದೊಡ್ಡ ತಪ್ಪು. ಹಾಗೆ ಮಾಡಿದರೆ ಒಂದು ವಾರ ಮೂಲಂಗಿ ತಿಂದು ಬೇಸರವಾಗುವುದು. ಮುಂದಿನ ತಿಂಗಳು ಒಂದೂ ಇರದು. ಹದಿನೈದು ದಿವಸಕ್ಕೊಮ್ಮೆ ಸಣ್ಣ ಸಣ್ಣ ಮಡಿಗಳಲ್ಲಿ ಬಿತ್ತುತ್ತ ಹೋದರೆ ಪ್ರತಿದಿನವೂ ಎಳೆಯ ಪದಾರ್ಥವು ಕೈಗೆ ಸಿಕ್ಕುವುದು.

ಮೂಲಂಗಿಯು ಬಿತ್ತಿದ ಮೂವತ್ತರಿಂದ ನಲವತ್ತೈದು ದಿವಸಗಳಲ್ಲಿ ಕೀಳಲು ಬರುತ್ತದೆ. ೧೯೬೭ರಲ್ಲಿ ಸ್ಥಾಪಿತವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ ‘ಅರ್ಕಾ ನಿಶಾಂತ್’ ಎಂಬ ತಳಿಯು ಇದಕ್ಕೆ ಅನುಕೂಲವಾದುದು. ಮೆಂತ್ಯದ ಸೊಪ್ಪು ಇಪ್ಪತ್ತೈದು ಮೂವತ್ತು ದಿವಸಗಳಲ್ಲಿ ಬರುತ್ತದೆ. ಕೊತ್ತಂಬರಿಯ ಬೀಜವನ್ನು ಹಲಗೆಯ ಮೇಲೆ ಮೆಲ್ಲನೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಸೊಪ್ಪು ಸುಮಾರು ನಲವತ್ತು ದಿವಸಗಳಲ್ಲಿ ಕೊಯ್ಯಲು ಬರುತ್ತದೆ. ಕ್ಯಾರೆಟ್ಟನ್ನು ಕಿತ್ತು ನೆಡಬಾರದು. ಸಣ್ಣ ಬೀಜವನ್ನು ಮರಳಿನೊಡನೆ ಬೆರಸಿ ಅರ್ಧ ಅಂಗುಲ ಆಳದಲ್ಲಿ ಸಾಲಾಗಿ ಬಿತ್ತಿ, ಮೊಳೆತ ಮೇಲೆ ಎರಡು ಅಂಗುಲಕ್ಕೊಂದರಂತೆ ಉಳಿಸಿ ಮಿಕ್ಕವನ್ನು ತೆಗೆಯಬೇಕು. ಸೌತೆಯನ್ನು ಬೇಲಿಯ ಬದಿಯಲ್ಲಿ ಹಾಕಿ ಚಪ್ಪರಕ್ಕೆ ಹಬ್ಬಿಸಿದರೆ ಕಾಯಿಗೆ ಮಣ್ಣು ತಾಗುವುದಿಲ್ಲ. ಅದಕ್ಕೆ ನೀರನ್ನು ಒಂದೇ ಸಮನಾಗಿ ಕೊಡಬೇಕು. ನೀರು ತಪ್ಪಿ ಬಿಸಿಲಿಗೆ ಬಾಡಿದ ಬಳ್ಳಿಯ ಕಾಯಿಯು ಕಹಿಯಾಗುವುದುಂಟು. ಟೊಮ್ಯಾಟೊ ಗಿಡಗಳಿಗೂ ಊರುಗೋಲನ್ನು ಕೊಡತಕ್ಕದ್ದು. ಮೂಲೆಯಲ್ಲಿ ಒಂದು ನಿಂಬೆ, ಒಂದು ಕರಿಬೇವು, ಒಂದು ನೆಲ್ಲಿ ಇದ್ದರೆ ಹಿತ್ತಲು ಪೂರ್ಣವಾಯಿತು.

ಇವುಗಳಲ್ಲಿ ಕೆಲವು ನಮ್ಮ ದೇಶಕ್ಕೆ ಹೊರಗಿನಿಂದ ಬಂದವು. ೧೮೭೪ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ತೋಟದ ಆಡಳಿತವನ್ನು ವಹಿಸಿದ ಜಾನ್ ಕ್ಯಾಮರಾನ್ ರವರು ಸೀಮೆಬದನೆ ಮೊದಲಾದ ಪರದೇಶದ ತರಕಾರಿಗಳನ್ನು ತರಿಸಿ ಬೆಳೆಯಿಸಿದರು. ಮೊದಲು ಸೀಮೆಯದೆಂದು ಹಿಂಜರಿದ ಜನರೇ ಈಗ ಅದನ್ನು ಮನೆಯ ತರಕಾರಿಯೆಂದು ಎಣಿಸುತ್ತಾರೆ. ಹೊಸ ತರಕಾರಿಯನ್ನು ಹಳೆಯ ಕೋಸಂಬರಿಯಲ್ಲಿ ಸೇರಿಸಲು ಸಂಕೋಚಪಡಬೇಕಾಗಿಲ್ಲ.

೫. ಯಾವ ಋತುವಿನಲ್ಲಿ ಯಾವುದು

ಬೇಸಗೆ: ಎಳೆಯ ಸೌತೆಕಾಯಿ, ಹುಳಿಯಿರುವ ಮಾವಿನಕಾಯಿ, ಈರುಳ್ಳಿ, ಪುದೀನ, ಬಾಳೆಯ ದಿಂಡು. ಬಿಸಿಲಿನಲ್ಲಿ ದೇಹವು ಬೆವರಿ ನೀರು, ಉಪ್ಪುಗಳು ಕಳೆಯುವ ಈ ಕಾಲದಲ್ಲಿ ಸೌತೆಯ ಕೋಸಂಬರಿಯು ಹಿತವಾದುದು. ರಾಮನವಮಿಗೆ ಅದನ್ನೇ ಹಂಚುವುದರಲ್ಲಿರುವ ಔಚಿತ್ಯವು ಸ್ಪಷ್ಟವಾಗಿಯೇ ಇದೆ. ಈ ಪೈರಿಗಾಗಿ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಬೀಜ ಹಾಕಬೇಕು.

ಮಳೆಗಾಲ: ಈ ಕಾಲದಲ್ಲಿ ಬಹಳ ಎಚ್ಚರ ಬೇಕು. ಮಳೆಯ ಹನಿಗಳಿಂದ ಕೆಸರು ಸಿಡಿದು ಸೊಪ್ಪಿಗೆ ಅಂಟುತ್ತದೆ, ಬಾವಿಗಳಿಗೆ ಹೊರಗಿನ ನೀರು ಇಳಿಯುತ್ತದೆ, ನೊಣಗಳು ಹೆಚ್ಚುತ್ತವೆ. ಆದ್ದರಿಂದ ಸೊಪ್ಪುಗಳನ್ನು ಬೇಯಿಸಿಯೇ ತಿನ್ನಬೇಕು. ಚಪ್ಪರದ ಸೌತೆ, ಬಾಳೆಯ ದಿಂಡು ಮೊದಲಾದ ಸಿಪ್ಪೆಯನ್ನೋ ಹೊರಪದರವನ್ನೋ ತೆಗೆಯಬಹುದಾದ ಪದಾರ್ಥಗಳನ್ನು ಮಾತ್ರ ಹಸಿಯಾಗಿ ಉಪಯೋಗಿಸತಕ್ಕದ್ದು.

ಚಳಿಗಾಲ: ಹಸಿಯ ತರಕಾರಿಗೆ ಇದೇ ಸುಗ್ಗಿ. ಕ್ಯಾರೆಟ್, ಮೂಲಂಗಿ, ನವಿಲುಕೋಸು, ಬೀಟ್‌ರೂಟ್, ಟೊಮ್ಯಾಟೊ, ಕೋಸಿನ ಒಳಪದರಗಳು, ಕೊತ್ತಂಬರಿ, ಮೆಂತ್ಯ ಎಲ್ಲವೂ ಸಮೃದ್ಧಿ. ಬಡಗಣ ಎರೆನೆಲಗಳಲ್ಲಿ ಹಿಂಗಾರಿನ ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿಯ ಸೊಪ್ಪನ್ನು ರೊಟ್ಟಿಯೊಡನೆ ತಿನ್ನುವ ಕಾಲವೂ ಇದೇ. ಅಂತಹ ಸೊಪ್ಪನ್ನು ಔಷಧಿ ಹೊಡೆದ ಹೊಲದಿಂದ ಕೀಳಬಾರದು. ನೆಲ್ಲಿಕಾಯಿಯೂ ಈ ಕಾಲದಲ್ಲಿಯೇ ಬರುವುದು. ‘ಸಿ’ ಜೀವಸತ್ವದಲ್ಲಿ ಅದು ನಿಂಬೆಯನ್ನು ಬಹುವಾಗಿ ಮೀರಿದುದು. ಸೀಬೆಯ ಹಣ್ಣೂ ಹಾಗೆಯೇ.

೬. ಹಸಿಯಾಗಿ ತಿನ್ನಬಾರದ ಪದಾರ್ಥಗಳು

ಅವರೆಕಾಳು, ಹುರುಳಿಕಾಯಿ ಇವುಗಳಲ್ಲಿ ಬೇಯಿಸಿದ ಹೊರತು ಹೋಗದ ನಂಜುಂಟು. ಆಲೂಗೆಡ್ಡೆಯನ್ನು ಹಸಿಯಾಗಿ ತಿನ್ನಕೂಡದು. ಹಸುರು ಬಣ್ಣಕ್ಕೆ ತಿರುಗಿದ ಗೆಡ್ಡೆಯನ್ನು ಬೇಯಿಸಿಯೂ ತಿನ್ನಕೂಡದು. ದಂಟು, ಕೀರೆ, ಪಾಲಕ್ ಸೊಪ್ಪುಗಳನ್ನು ಬೇಯಿಸಿ ತಿನ್ನುವುದೇ ಮೇಲು. ಸೋರೆಕಾಯಿಯ ತಿರುಳು ಕಹಿಯಾಗಿದ್ದರೆ ಅದು ವಿಷ. ಅದರ ರಸವನ್ನು ಕುಡಿದು ಪ್ರಾಣಕ್ಕೆ ಅಪಾಯವಾದ ಸಂಗತಿಗಳುಂಟು. ಸೌತೆಕಾಯಿಯ ತುದಿಯನ್ನು ಕೊಯ್ದು ರುಚಿನೋಡಿ, ಬಹಳ ಕಹಿಯಿದ್ದರೆ ಬಿಸಾಡತಕ್ಕದ್ದು.

ಮೊಳೆತ ಕಾಳಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಮೊಳೆಯಲು ಬೇಕಾದ ತೇವವೂ ಬೆಚ್ಚಗೂ ರೋಗಾಣುಗಳಿಗೂ ಹಿತವೇ ಆಗಿರುತ್ತವೆ. ೨೦೧೧ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಗಳಿಂದ ಹರಡಿದ ರೋಗದಲ್ಲಿ ಸಾವಿರಾರು ಜನರು ಕಾಯಿಲೆಬಿದ್ದು ಸುಮಾರು ಐವತ್ತು ಮಂದಿ ಮೃತರಾದರು. ಆದ್ದರಿಂದ ಮಕ್ಕಳಿಗೂ ಮುದುಕರಿಗೂ ಬಸುರಿಯರಿಗೂ ಮೊಳಕೆಯನ್ನು ಹಬೆಯಲ್ಲಿ ಬೇಯಿಸಿಯೇ ಕೊಡಬೇಕು.

೭. ಕೊಯ್ಯುವುದೂ ತೊಳೆಯುವುದೂ

ಬೆಳಗಿನ ತಂಪಿನಲ್ಲಿ ಕೊಯ್ದ ತರಕಾರಿಯು ಗರಿಗರಿಯಾಗಿರುವುದು. ಅದನ್ನು ನೆರಳಿನಲ್ಲಿ ಒದ್ದೆಬಟ್ಟೆ ಮುಚ್ಚಿ ಇಟ್ಟು ಅದೇ ದಿನ ಉಪಯೋಗಿಸಬೇಕು. ಬಾಡಿದ ಸೊಪ್ಪಿನಲ್ಲಿ ರುಚಿಯೊಡನೆ ಜೀವಸತ್ವವೂ ಕುಂದುತ್ತದೆ.

ಮೊದಲು ಮಣ್ಣನ್ನು ಒದರಿ, ಹೊರಗಿನ ಎಲೆಗಳನ್ನೂ ಬೇರುಗಳನ್ನೂ ತೆಗೆಯಬೇಕು. ಅನಂತರ ಮೂರು ಸಲ ನೀರು ಬದಲಾಯಿಸಿ ತೊಳೆಯಬೇಕು. ಗೆಡ್ಡೆಗಳನ್ನು ತೆಂಗಿನ ನಾರಿನಿಂದ ಉಜ್ಜಿ ಸಿಪ್ಪೆ ತೆಗೆಯಬೇಕು. ಕೊನೆಯ ಸಲ ಕುದಿಸಿ ಆರಿಸಿದ ನೀರಿನಿಂದ ತೊಳೆಯತಕ್ಕದ್ದು. ಹಿಂದಿನ ಕಾಲದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಕೆಂಪು ನೀರಿನಲ್ಲಿ ಅದ್ದುವ ಪದ್ಧತಿ ಪ್ರಚಾರದಲ್ಲಿತ್ತು. ಜಂತುಗಳ ಮೊಟ್ಟೆಗಳು ಅದರಿಂದ ಸಾಯುವುವೆಂದು ನಂಬಲಾಗದು. ಎಷ್ಟು ತೊಳೆದರೂ ಕೊಳಚೆಯಲ್ಲಿ ಬೆಳೆದುದು ಶುದ್ಧವಾಗಲಾರದು. ನೀರಿನ ವಿಷಯವನ್ನು ಮೊದಲೇ ಹೇಳಿದುದು ಈ ಕಾರಣದಿಂದಲೇ.

ತೊಳೆದ ಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ಸಾರವು ನೀರಿನೊಡನೆ ಹೋಗುವುದು. ಈಳಿಗೆಮಣೆ, ತುರಿಯುವ ಮಣೆಗಳು ಶುಭ್ರವಾಗಿರಬೇಕು. ಮಾಂಸ ಮೀನುಗಳನ್ನು ಹೆಚ್ಚಿದ ಕತ್ತಿಯನ್ನು ತೊಳೆಯದೆ ಉಪಯೋಗಿಸಕೂಡದು. ಕೆಲಸಕ್ಕೆ ಕೈ ಹಾಕುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು.

೮. ಮಾಡುವ ಕ್ರಮ

ಹೆಸರುಬೇಳೆ ಮತ್ತು ಸೌತೆಕಾಯಿಯ ಕೋಸಂಬರಿ: ಆರು ಜನರಿಗೆ ಅರ್ಧ ಪಾವು ಹೆಸರುಬೇಳೆಯನ್ನು ಆರಿಸಿ ತೊಳೆದು, ಕುಡಿಯುವ ನೀರಿನಲ್ಲಿ ಒಂದು ಗಂಟೆಯ ಕಾಲ ನೆನೆಯಿಡಬೇಕು. ಬೇಳೆಯನ್ನು ಉಗುರಿನಿಂದ ಒತ್ತಿದರೆ ಮುರಿಯುವಂತಿದ್ದರೆ ಹದವಾಯಿತೆಂದು ತಿಳಿಯಬಹುದು. ಇದಕ್ಕೆ ಮೀರಿ ನೆನೆದರೆ ಲೋಳೆಯಾಗುವುದು. ನೀರನ್ನು ಪೂರ್ತಿಯಾಗಿ ಬಸಿಯಬೇಕು. ಎರಡು ಎಳೆಯ ಸೌತೆಕಾಯಿಗಳನ್ನು ಸಣ್ಣಗೆ ಹೆಚ್ಚಿ, ಕಾಲು ಹೋಳು ತೆಂಗಿನಕಾಯಿಯ ತುರಿ, ಒಂದು ಹಿಡಿ ಕೊತ್ತಂಬರಿಸೊಪ್ಪುಗಳೊಡನೆ ಬೇಳೆಗೆ ಸೇರಿಸಬೇಕು. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಚಿಟಿಕೆ ಇಂಗು, ಎರಡು ಹಸಿಮೆಣಸಿನಕಾಯಿ, ಕರಿಬೇವುಗಳ ಒಗ್ಗರಣೆ ಮಾಡಿ, ಅದು ಆರಿದ ಮೇಲೆ ಕಲಸಬೇಕು. ನಿಂಬೆಯ ರಸವನ್ನೂ ಉಪ್ಪನ್ನೂ ಎಲೆ ಹಾಕಿದ ಮೇಲೆ ಸೇರಿಸತಕ್ಕದ್ದು.

ಈ ಕ್ರಮಕ್ಕೆ ಕಾರಣಗಳುಂಟು. ಉಪ್ಪು ಬಿದ್ದೊಡನೆ ಸೌತೆಯು ನೀರು ಬಿಡುತ್ತದೆ. ಮೊದಲೇ ಹಾಕಿದರೆ ಕೋಸಂಬರಿಯು ನೀರಾಗಿ, ತರಕಾರಿ ಮೆತ್ತಗಾಗುವುದು. ಬಿಸಿಯ ಒಗ್ಗರಣೆಯಿಂದ ಕೊತ್ತಂಬರಿ ಬಾಡುವುದು. ನಿಂಬೆಯ ಗುಣವೂ ಕುಂದುವುದು. ಮಾವಿನಕಾಯಿಯ ಕಾಲದಲ್ಲಿ ನಿಂಬೆಯ ಬದಲು ಅದರ ತುರಿಯನ್ನು ಸೇರಿಸಬಹುದು. ಚಳಿಗಾಲದಲ್ಲಿ ಸೌತೆಯ ಬದಲು ಕ್ಯಾರೆಟ್ ತುರಿಯನ್ನೋ ನವಿಲುಕೋಸಿನ ತುರಿಯನ್ನೋ ಉಪಯೋಗಿಸಿ ಇದೇ ರೀತಿ ಮಾಡಬಹುದು. ಕ್ಯಾರೆಟ್ಟಿನ ಗುಣವು ದೇಹಕ್ಕೆ ಸೇರಲು ತೆಂಗಿನಕಾಯಿಯೂ ಎಣ್ಣೆಯೂ ಬೇಕಾದ್ದರಿಂದ ಅವನ್ನು ಬಿಡಬಾರದು.

ಮೂಲಂಗಿಯ ಮೊಸರು ಪಚಡಿ: ಎಳೆಯ ಮೂಲಂಗಿಯನ್ನು ತುರಿದು, ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಒಗ್ಗರಣೆಗಳನ್ನು ಸೇರಿಸಿ, ಹುಳಿಯಿಲ್ಲದ ಗಟ್ಟಿ ಮೊಸರಿನಲ್ಲಿ ಬಡಿಸುವ ಹೊತ್ತಿಗೆ ಕಲಸಬೇಕು. ಟೊಮ್ಯಾಟೊ, ಸೌತೆಗಳಿಗೂ ಇದೇ ಕ್ರಮ.

ಮೆಂತ್ಯದ ಸೊಪ್ಪಿನ ಪಚಡಿ: ಎಳೆಯ ಎಲೆಗಳನ್ನು ಬಿಡಿಸಿ ಹೆಚ್ಚಿ, ಈರುಳ್ಳಿ, ಕ್ಯಾರೆಟ್ ತುರಿ, ಹುರಿದ ಕಡಲೆಕಾಯಿಯ ಪುಡಿ, ಉಪ್ಪು, ನಿಂಬೆಯ ರಸ, ಸ್ವಲ್ಪ ಎಣ್ಣೆಗಳನ್ನು ಬೆರಸಬೇಕು. ರೊಟ್ಟಿಯೊಡನೆ ಬಹಳ ಒಪ್ಪುವುದು.

ಬಾಳೆದಿಂಡಿನ ಕೋಸಂಬರಿ: ದಿಂಡಿನ ಹೊರಪದರಗಳನ್ನು ಸುಲಿದು, ಬಿಲ್ಲೆಗಳಾಗಿ ಕೊಯ್ಯುತ್ತ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಸಣ್ಣಗೆ ಹೆಚ್ಚಿ ಮಜ್ಜಿಗೆಯಲ್ಲಿ ಹಾಕಬೇಕು. ಹಾಗಿಲ್ಲದಿದ್ದರೆ ಕಪ್ಪಾಗುವುದು. ಅನಂತರ ಹಿಂಡಿ, ನೆನೆದ ಹೆಸರುಬೇಳೆಯೊಡನೆ ಮೇಲಿನಂತೆ ಮಾಡಬೇಕು. ಗೊನೆ ಕಡಿದ ಮೇಲೆ ಬಿಸಾಡುವ ದಿಂಡಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಹುಳಿ, ಮೊಸರುಗಳುಳ್ಳ ಇವುಗಳನ್ನು ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಇಡಕೂಡದು. ಕಲ್ಲುಮರಿಗೆ, ಪಿಂಗಾಣಿ, ಸ್ಟೀಲಿನ ಪಾತ್ರೆಗಳು ಯೋಗ್ಯವಾದುವು. ಮಾಡಿದ ಹೊತ್ತಿನಲ್ಲಿಯೇ ತಿಂದು ಮುಗಿಸಬೇಕು. ಬೆಳಗಿನದನ್ನು ರಾತ್ರಿಗೆ ಉಳಿಸಬಾರದು.

೯. ಊರಿನ ಮುಖ್ಯಸ್ಥರಿಗೆ ಅರಿಕೆ

ಒಬ್ಬನ ಹಿತ್ತಲು ಶುದ್ಧವಾಗಿದ್ದರೂ ಊರಿನ ನೀರು ಕೆಟ್ಟಿದ್ದರೆ ಫಲವಿಲ್ಲ. ಬಾವಿಯ ಕಟ್ಟೆಯನ್ನು ದುರಸ್ತಿ ಮಾಡಿಸುವುದು, ಚರಂಡಿಯನ್ನು ಕೆರೆಗೆ ಬಿಡದಿರುವುದು, ವರ್ಷಕ್ಕೊಮ್ಮೆಯಾದರೂ ಮಳೆಗಾಲದ ತರುವಾಯ ನೀರನ್ನು ಪರೀಕ್ಷೆಗೆ ಕಳುಹಿಸುವುದು, ಬಯಲಿನಲ್ಲಿ ಮಲವಿಸರ್ಜನೆ ನಡೆಯದಂತೆ ನೋಡಿಕೊಳ್ಳುವುದು ಇವು ಊರಿನ ಹಿರಿಯರು ಮನಸ್ಸು ಮಾಡಿದರೆ ಮಾತ್ರ ಆಗತಕ್ಕ ಕೆಲಸಗಳು. ಶಾಲೆಯ ಹಿಂಭಾಗದಲ್ಲಿ ನಾಲ್ಕು ಮಡಿಗಳನ್ನು ಮಾಡಿಸಿ, ಒಂದು ನಿಂಬೆಯ ಗಿಡವನ್ನು ನೆಡಿಸಿ, ಮಕ್ಕಳ ಮಧ್ಯಾಹ್ನದ ಊಟಕ್ಕೆ ಅದರ ಫಲವ ಸೇರುವಂತೆ ಮಾಡಿದರೆ, ಮಕ್ಕಳ ಮೂಲಕ ಈ ವಿದ್ಯೆಯು ಮನೆಮನೆಗೂ ಮುಟ್ಟುವುದು.

೧೦. ಸಾರಾಂಶ

(೧) ಮೊದಲು ನೀರನ್ನು ನೋಡಿ. ಅನಂತರ ಬೀಜ ಹಾಕಿ.
(೨) ಕೊಳೆತ ಗೊಬ್ಬರವನ್ನೇ ಹಾಕಿ. ಮನೆಯ ಮಡಿಗೆ ವಿಷ ಹೊಡೆಯಬೇಡಿ.
(೩) ಹದಿನೈದು ದಿವಸಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಬಿತ್ತಿ.
(೪) ಮಳೆಗಾಲದಲ್ಲಿ ಸೊಪ್ಪನ್ನು ಬೇಯಿಸಿ. ಚಳಿಗಾಲದಲ್ಲಿ ಹಸಿಯ ತರಕಾರಿಯನ್ನು ಧಾರಾಳವಾಗಿ ತಿನ್ನಿ.
(೫) ತೊಳೆದು ಹೆಚ್ಚಿ, ಉಪ್ಪು, ನಿಂಬೆಗಳನ್ನು ಕೊನೆಯಲ್ಲಿ ಸೇರಿಸಿ, ಆಗಲೇ ಉಣ್ಣಿ.
(೬) ಸಂತೆಯ ಬುಟ್ಟಿಯನ್ನು ತುಂಬುವ ಮುನ್ನ ಮನೆಯ ಮೊರವನ್ನು ತುಂಬಿ.

ಕೊನೆಯ ನಿಯಮವು ಖರ್ಚಿಲ್ಲದ್ದು. ಆದರೆ ಅದನ್ನು ನಡಸುವುದು ಮನೆಯ ಯಜಮಾನನ ಕೈಯಲ್ಲಿದೆ. ಪೇಟೆಗೆ ಹೋಗುವ ಬುಟ್ಟಿಯಿಂದ ದಿನಕ್ಕೆ ಎರಡು ಸೌತೆಕಾಯಿಗಳನ್ನು ತೆಗೆದಿಟ್ಟರೆ ಆಗುವ ನಷ್ಟವು ಲೆಕ್ಕಕ್ಕೆ ಬರುವಷ್ಟಿಲ್ಲ. ಮನೆಯ ಮಕ್ಕಳಿಗೆ ಆಗುವ ಲಾಭವು ಅವರ ಮೈಯಲ್ಲಿಯೇ ಕಾಣುವುದು.